ವೈರಲ್ ಲೋಡ್ ಸೊನ್ನೆ, ಆದರೂ ಸಿಡಿ4 ಇಳಿಯುತ್ತಿತ್ತು: ಕರಾವಳಿಯ ಒಂದು ಎಚ್‌ಐವಿ ಪ್ರಕರಣ

ನಾನು ಮಂಗಳೂರಿನ ಒಂದು ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಔಷಧಿ ಕೊಡುವ ಕಡೆ, ಕೌನ್ಸೆಲರ್. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನನ್ನಂಥ ಕೌನ್ಸೆಲರ್‌ಗಳಿಗೆ, ಲ್ಯಾಬ್‌ನವರಿಗೆ, ಹೊಸದಾಗಿ ಈ ಕೆಲಸಕ್ಕೆ ಬಂದ ನರ್ಸ್‌ಗಳಿಗೆ. ಬರೆಯಲು ಈ ಪ್ರಕರಣದ ರೋಗಿ, ಅವರ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಹೆಸರು, ವಯಸ್ಸು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ರೋಗಿಯನ್ನು ರಾಘವಣ್ಣ ಅನ್ನುತ್ತೇನೆ, ಅವರ ಹೆಂಡತಿಯನ್ನು ಸುಮತಿಯಕ್ಕ.

ಹಿನ್ನೆಲೆ

ರಾಘವಣ್ಣ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಒಮ್ಮೆ ದಕ್ಕೆಯಿಂದ ಹೊರಟರೆ ಎಂಟು-ಹತ್ತು ದಿನ ಸಮುದ್ರದಲ್ಲೇ. 2017ರಲ್ಲಿ ಗಲ್ಫ್‌ಗೆ ಹೋಗುವ ಮನಸ್ಸು ಮಾಡಿದರು. ಮೆಡಿಕಲ್‌ನಲ್ಲಿ ಅನ್‌ಫಿಟ್ ಅಂತ ಬಂತು. ಏಜೆಂಟ್ ಕಾರಣ ಹೇಳಲಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ತೋರಿಸಿ ಅಂದ, ಅಷ್ಟೆ. ಹತ್ತಿರದ ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಪರೀಕ್ಷೆ ಮತ್ತು ಕೌನ್ಸೆಲಿಂಗ್ ಕೇಂದ್ರ) ಪರೀಕ್ಷೆ ಮಾಡಿಸಿದರು. ಮೂರು ಬೇರೆ ಬೇರೆ ಕಿಟ್, ಮೂರರಲ್ಲೂ ಪಾಸಿಟಿವ್. ಅಲ್ಲಿಂದ ನಮ್ಮಲ್ಲಿಗೆ ಕಳಿಸಿದರು.

ಆ ದಿನ ಹೊರಗೆ ಬೆಂಚಿನಲ್ಲಿ ಮೂವತ್ತಕ್ಕೂ ಜಾಸ್ತಿ ಜನ ಕೂತಿದ್ದರು. ನಾನು ಹತ್ತು ನಿಮಿಷದಲ್ಲಿ ಅವರ ಫಾರ್ಮ್ ತುಂಬಿದೆ. ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಅಂತ ಕೇಳಿದಾಗ "ಬೋಟಲ್ಲಿ. ಸ್ವಲ್ಪ ವರ್ಷ ಬೊಂಬಾಯಿಯಲ್ಲಿ ಹೋಟೆಲ್" ಅಂದರು. ಸೋಂಕು ಹೇಗೆ ಬಂದಿರಬಹುದು ಅನ್ನುವ ಕಾಲಂನಲ್ಲಿ ನಾನು ಲೈಂಗಿಕ ಕಾರ್ಯಕರ್ತೆಯರ ಸಂಪರ್ಕ ಅಂತ ಬರೆದೆ. ಹಾಗಂತ ಅವರು ಹೇಳಿರಲಿಲ್ಲ. ನಾನೇ "ಬೊಂಬಾಯಿಯಲ್ಲಿ ಇರುವಾಗ ಹಾಗೆಲ್ಲ ಹೋಗ್ತಿದ್ರಾ?" ಅಂತ ಕೇಳಿದ್ದೆ. ಅವರು ತಲೆ ತಗ್ಗಿಸಿದರು. ಅದನ್ನೇ ಹೌದು ಅಂತ ತಿಳಿದೆ. ಉಡುಪಿ, ಮಂಗಳೂರು ಕಡೆಯಿಂದ ಮುಂಬೈ ಹೋಟೆಲ್‌ಗೆ ಹೋದವರು ಒಬ್ಬರೇ, ಇಬ್ಬರೇ? ಮನೆಗೊಬ್ಬರು ಸಿಗುತ್ತಾರೆ. ಆದರೂ ಎಚ್‌ಐವಿ ಫಾರ್ಮ್ ಮುಂದೆ ಕೂತಾಗ ಬೊಂಬಾಯಿ ಅನ್ನುವ ಒಂದು ಶಬ್ದಕ್ಕೆ ನನ್ನ ತಲೆಯಲ್ಲಿ ಒಂದೇ ಅರ್ಥ ಇತ್ತು.

ಆ ವರ್ಷದಿಂದ ಸಿಡಿ4 (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ, ಇಳಿದಷ್ಟೂ ದೇಹ ದುರ್ಬಲ) ಎಷ್ಟೇ ಇರಲಿ, ಪಾಸಿಟಿವ್ ಬಂದವರಿಗೆಲ್ಲ ಔಷಧಿ ಶುರು ಮಾಡುವ ನಿಯಮ ಬಂದಿತ್ತು. ಅವರ ಸಿಡಿ4 338. ಆಗ ಎಲ್ಲರಿಗೂ ಕೊಡುತ್ತಿದ್ದ ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಝ್ ಮೂರೂ ಸೇರಿದ ಮಾತ್ರೆ ಶುರುವಾಯಿತು. ರಾತ್ರಿ ಮಲಗುವ ಮುಂಚೆ ಒಂದು. ಸುಮತಿಯಕ್ಕನ ಪರೀಕ್ಷೆ ನೆಗೆಟಿವ್ ಬಂತು.

ಸಮಸ್ಯೆ

ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನುವ ಪರೀಕ್ಷೆ, ಮಾಡಿಸಿದೆವು. ವೈರಸ್ ಪತ್ತೆಯಾಗಿಲ್ಲ ಅಂತ ರಿಪೋರ್ಟ್. ಎಲ್ಲರಿಗೂ ಖುಷಿ. ಆದರೆ ಸಿಡಿ4 291ಕ್ಕೆ ಇಳಿದಿತ್ತು. ಒಂದೊಂದು ಸಲ ಏರುಪೇರು ಇರುತ್ತದೆ ಅಂತ ಬಿಟ್ಟೆವು. 2018ರ ಕೊನೆಯಲ್ಲಿ ಮತ್ತೆ ವೈರಲ್ ಲೋಡ್. ಪತ್ತೆಯಾಗಿಲ್ಲ. ಸಿಡಿ4 246.

ಆ ದಿನ ಸುಮತಿಯಕ್ಕ ಕೂಡ ಬಂದಿದ್ದರು. ರಿಪೋರ್ಟ್ ನೋಡಿ ನನ್ನ ಹತ್ತಿರ ಮೆಲ್ಲಗೆ ಕೇಳಿದರು: "ಹಾಗಾದ್ರೆ ಇನ್ನು ನನಗೆ ಹೆದರಿಕೆ ಇಲ್ವಾ ಮೇಡಂ?" ನಾನು "ಇಲ್ಲ ಅಕ್ಕ. ವೈರಸ್ ಕಾಣದಷ್ಟು ಕಡಿಮೆ ಆದ್ರೆ ಇನ್ನೊಬ್ಬರಿಗೆ ಹರಡುವುದಿಲ್ಲ. ಮಾತ್ರೆ ಮಾತ್ರ ತಪ್ಪಬಾರದು" ಅಂದೆ. ವಿಜ್ಞಾನ ಅದನ್ನೇ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಅವರ ವಿಷಯದಲ್ಲಿ ಅದು ತಪ್ಪು ಉತ್ತರ ಆಗಿತ್ತು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

2019ರ ಮೇ ತಿಂಗಳಲ್ಲಿ ರಾಘವಣ್ಣ ಬಂದಾಗ ನೋಡಿದ ಕೂಡಲೇ ಗೊತ್ತಾಯಿತು. ಆರು ಕಿಲೋ ಇಳಿದಿದ್ದರು. ನಾಲಿಗೆ ಮೇಲೆ ಮೊಸರಿನ ಕೆನೆಯ ಹಾಗೆ ಬಿಳಿ ಪದರ. ಗಂಜಿ ನುಂಗಲೂ ಕಷ್ಟ. ಸಿಡಿ4 183.

ಏನೆಲ್ಲ ಮಾಡಿ ನೋಡಿದೆವು

ಮೊದಲು ಟಿಬಿ ಅಂತ ಅನುಮಾನ ಬಂತು. ಕಫ ಪರೀಕ್ಷೆ, ಎಕ್ಸ್‌ರೇ ಆಯಿತು. ಏನೂ ಇಲ್ಲ. ಲಿವರ್, ಕಿಡ್ನಿ, ಶುಗರ್ ಎಲ್ಲ ನೋಡಿದೆವು. ಬಾಯಿಯ ಫಂಗಸ್‌ಗೆ ಔಷಧಿ ಕೊಟ್ಟೆವು. ಸಿಡಿ4 ಇಷ್ಟು ಕೆಳಗೆ ಹೋದ್ದರಿಂದ ಬೇರೆ ಸೋಂಕು ಬಾರದಂತೆ ಕೋಟ್ರಿಮೊಕ್ಸಜೋಲ್ ಶುರುವಾಯಿತು.

ಆಮೇಲೆ ಎಲ್ಲರ ಕಣ್ಣೂ ಅವರ ಮೇಲೆಯೇ ಬಿತ್ತು. ಬೋಟಿನವರು, ಕುಡಿಯುತ್ತಾರೆ, ಸಮುದ್ರದಲ್ಲಿ ಇರುವಾಗ ಮಾತ್ರೆ ಬಿಡುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಸರಿಯಾಗಿ ತಿನ್ನುತ್ತಾರೆ ಅಂತ ನಾವು ನಾವೇ ಮಾತಾಡಿಕೊಂಡೆವು. ಕುಡಿಯುವ ವಿಷಯವನ್ನು ನಾನೇ ಮೂರು ಸಲ ಕೇಳಿದ್ದೇನೆ. ಮೂರನೇ ಸಲ ಅವರಿಗೆ ಸಿಟ್ಟು ಬಂತು.

"ಎಂತ ಮೇಡಂ ನೀವು? ಒಂದು ದಿನ ಬಿಟ್ಟಿಲ್ಲ ನಾನು. ಈ ಮಾತ್ರೆ ತಿಂದ್ರೆ ತಲೆ ತಿರುಗ್ತದೆ ಅಂತ ನಿಮಗೆ ಗೊತ್ತುಂಟಲ್ಲ? ನಿಮಗೆ ಮನೆಯಲ್ಲಿ ನೆಲ ನಿಲ್ತದೆ. ನನಗೆ ಬೋಟೂ ಅಲುಗಾಡ್ತದೆ, ತಲೆಯೂ ಅಲುಗಾಡ್ತದೆ. ಹಗ್ಗ ಹಿಡ್ಕೊಂಡು ಮಲಗಿದ್ದೇನೆ. ಆದ್ರೂ ಬಿಟ್ಟಿಲ್ಲ."

ಮುಂದಿನ ವಾರ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ತಂದು ನನ್ನ ಮೇಜಿನ ಮೇಲೆ ಸುರಿದರು. ಖಾಲಿ ಮಾತ್ರೆ ಡಬ್ಬಿಗಳು. ಹದಿನೆಂಟು ಇದ್ದವು. ಒಂದೊಂದರ ಮುಚ್ಚಳದ ಮೇಲೂ ಬಾಲ್ ಪೆನ್ನಿನಲ್ಲಿ ತಿಂಗಳ ಹೆಸರು. ಬೋಟಿಗೆ ಹೋಗುವಾಗ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದುಕೊಳ್ಳುತ್ತಿದ್ದರಂತೆ, ಉಳಿದವರು ಕೇಳಬಾರದು ಅಂತ. ಖಾಲಿಯಾದ ಅಸಲಿ ಡಬ್ಬಿಗಳನ್ನು ಮನೆಯ ಅಟ್ಟದಲ್ಲಿ ಇಟ್ಟಿದ್ದರು. ಎಸೆದರೆ ನೆರೆಮನೆಯವರು ನೋಡುತ್ತಾರೆ ಅನ್ನುವ ಹೆದರಿಕೆ. ಹಸಿರು ಪುಸ್ತಕದಲ್ಲಿ (ರೋಗಿಯ ಚಿಕಿತ್ಸೆಯ ದಾಖಲೆ ಪುಸ್ತಕ) ನಾವು ಮಾತ್ರೆ ಕೊಟ್ಟ ದಿನಾಂಕಕ್ಕೂ ಆ ಡಬ್ಬಿಗಳಿಗೂ ಲೆಕ್ಕ ಹೊಂದಿತು.

ಡಬ್ಬಿ ಲೆಕ್ಕ ಮಾತ್ರೆ ನುಂಗಿದ್ದಕ್ಕೆ ಪೂರ್ತಿ ಸಾಕ್ಷಿ ಅಲ್ಲ, ಒಪ್ಪುತ್ತೇನೆ. ಆದರೆ ಅವತ್ತು ನಾನು ಅವರನ್ನು ನಂಬಿದೆ. ನಂಬಿದ ಮೇಲೆ ಪ್ರಶ್ನೆಯೇ ಬದಲಾಯಿತು. ಇವರು ಮಾತ್ರೆ ತಿನ್ನುತ್ತಿದ್ದಾರೆ, ವೈರಲ್ ಲೋಡ್‌ನಲ್ಲಿ ವೈರಸ್ ಇಲ್ಲ, ಆದರೂ ಸಿಡಿ4 ಬೀಳುತ್ತಿದೆ. ಹಾಗಾದರೆ ನಮ್ಮ ಮಷಿನ್ ಹುಡುಕುತ್ತಿರುವುದು ಯಾವುದನ್ನು?

ಒಂದು ಹಳೇ ರಿಜಿಸ್ಟರ್

ಈ ಪ್ರಶ್ನೆ ಮೊದಲು ಜೋರಾಗಿ ಕೇಳಿದ್ದು ನಮ್ಮ ಲ್ಯಾಬ್ ಟೆಕ್ನೀಷಿಯನ್. "ಮೇಡಂ, ವೈರಲ್ ಲೋಡ್ ಟೆಸ್ಟ್ ಎಚ್‌ಐವಿ-1ಕ್ಕೆ ಮಾತ್ರ. ಇವರಿಗೆ ಯಾವುದು ಅಂತ ಬರೆದಿದ್ಯಾ?" ಅಂದರು. ಫೈಲ್ ತೆಗೆದು ನೋಡಿದೆವು. ಎಚ್‌ಐವಿ ಪಾಸಿಟಿವ್ ಅಂತ ಮಾತ್ರ ಇತ್ತು.

ಇಲ್ಲಿ ಸ್ವಲ್ಪ ನಿಂತು ವೈರಸ್ಸಿನ ವಿಷಯ ಹೇಳಬೇಕು. ನಮ್ಮ ಕಡೆ ಕುಟುಂಬ, ಅದರ ಕವಲಿಗೆ ಕವರು ಅನ್ನುತ್ತೇವಲ್ಲ, ಹಾಗೆ. ಎಚ್‌ಐವಿ-1 ಮತ್ತು ಎಚ್‌ಐವಿ-2 ಎರಡು ಬೇರೆ ಕುಟುಂಬ. ಒಂದು ಚಿಂಪಾಂಜಿಗಳಿಂದ ಬಂದದ್ದು, ಇನ್ನೊಂದು ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬಿ ಅನ್ನುವ ಕೋತಿಗಳಿಂದ. ಎಚ್‌ಐವಿ-1ರ ಒಳಗೆ ಎ, ಬಿ, ಸಿ, ಡಿ ಅಂತ ಉಪಪ್ರಕಾರಗಳಿವೆ, ಅವು ಕವರುಗಳು. ಎರಡು ಸೇರಿ ಹುಟ್ಟಿದ ಮಿಶ್ರಗಳೂ ಇವೆ. ಪ್ರಪಂಚದ ಸೋಂಕಿನಲ್ಲಿ ಹತ್ತಿರ ಹತ್ತಿರ ಅರ್ಧ ಸಿ ಉಪಪ್ರಕಾರದ್ದು. ದಕ್ಷಿಣ ಆಫ್ರಿಕಾ, ಇಥಿಯೋಪಿಯಾ, ಭಾರತ ಅದರ ದೊಡ್ಡ ನೆಲೆ. ಯುರೋಪ್, ಅಮೆರಿಕದಲ್ಲಿ ಬಿ ಜಾಸ್ತಿ. ನಮ್ಮ ದೇಶದಲ್ಲಿ 100 ಜನರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಸಿ. ಮಣಿಪುರದ ಕಡೆ ಮಾತ್ರ ಚಿತ್ರ ಬೇರೆ. ಅಲ್ಲಿ ಮ್ಯಾನ್ಮಾರ್ ಗಡಿ ಹತ್ತಿರ, ಹೆರಾಯಿನ್ ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಂಡರು. ಅಲ್ಲಿ ಥಾಯ್ಲೆಂಡ್ ಕಡೆಯ ಬಿ, ನಮ್ಮ ಸಿ, ಎರಡರ ಮಿಶ್ರ ಎಲ್ಲವೂ ಸಿಕ್ಕಿವೆ.

ಹೀಗೆ ಹಂಚಿಹೋಗಿರುವುದನ್ನು ನೋಡಿ ಕೆಲವರು ತಪ್ಪು ತಿಳಿಯುತ್ತಾರೆ. ಬಿ ಅಂದರೆ ಇಂಥವರಿಗೆ ಬರುವುದು, ಸಿ ಅಂದರೆ ಅಂಥವರಿಗೆ ಅಂತ. ಹಾಗಲ್ಲ. ಯಾವ ವೈರಸ್ ಯಾವ ಊರಿನಲ್ಲಿ, ಯಾವ ಜನರ ನಡುವೆ ಮೊದಲು ಹೊಕ್ಕಿತೋ ಅಲ್ಲಿ ಅದು ಹರಡಿತು. ಅದು ದಾರಿಯ ಲೆಕ್ಕ, ಗುಣದ ಲೆಕ್ಕ ಅಲ್ಲ.

ಎಚ್‌ಐವಿ-2 ಹೆಚ್ಚಾಗಿ ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಗಿನಿ-ಬಿಸಾವು, ಕೇಪ್ ವರ್ಡೆಯಂಥ ಕಡೆ. ಪೋರ್ಚುಗಲ್ ಜೊತೆ ನಂಟಿದ್ದ ದೇಶಗಳಿಗೂ ಅದು ಹೋಗಿದೆ. ನಮ್ಮಲ್ಲಿ 1990ರ ದಶಕದ ಆರಂಭದಲ್ಲೇ ಮುಂಬೈಯಲ್ಲಿ ಸಿಕ್ಕಿತ್ತು. ಗೋವಾದಿಂದಲೂ ವರದಿಯಾಗಿದೆ. ಭಾರತದಲ್ಲಿ ತೀರಾ ಕಡಿಮೆ ಜನರಿಗೆ ಇರುವುದು. ಕಡಿಮೆ ಇರುವುದರಿಂದಲೇ ತಪ್ಪಿಹೋಗುತ್ತದೆ. ಎಚ್‌ಐವಿ-1ರ ಯಾವ ಉಪಪ್ರಕಾರ ಆದರೂ ನಮ್ಮ ಮಾತ್ರೆಗಳು ಕೆಲಸ ಮಾಡುತ್ತವೆ. ಹಾಗಾಗಿ ಯಾವುದು ಅಂತ ಕೇಳುವ ಅಭ್ಯಾಸವೇ ನಮಗೆ ಇರಲಿಲ್ಲ.

ಎಚ್‌ಐವಿ-2 ದೇಹದಲ್ಲಿ ನಿಧಾನ. ಎಷ್ಟೋ ವರ್ಷ ಏನೂ ತೊಂದರೆ ಕೊಡದೆ ಇರಬಹುದು. ಹರಡುವುದೂ ಕಡಿಮೆ. ಆದರೆ ಎಫಾವಿರೆಂಝ್, ನೆವಿರಾಪಿನ್ ಗುಂಪಿನ ಔಷಧಿ ಅದಕ್ಕೆ ತಾಗುವುದೇ ಇಲ್ಲ. ಹುಟ್ಟಿನಿಂದಲೇ ಅದಕ್ಕೆ ಆ ರಕ್ಷಣೆ ಇದೆ. ಗರ್ಭಿಣಿಯರಿಗೂ ಇದೇ ಮಾತು. ಮಗುವಿಗೆ ಸೋಂಕು ತಾಗದಂತೆ ಕೊಡುವ ನೆವಿರಾಪಿನ್ ಎಚ್‌ಐವಿ-2ಕ್ಕೆ ಪ್ರಯೋಜನ ಇಲ್ಲ. ಅಂದರೆ ರಾಘವಣ್ಣ ಒಂದೂವರೆ ವರ್ಷ ತಲೆ ತಿರುಗಿಸಿಕೊಂಡು ತಿಂದ ಮಾತ್ರೆಯಲ್ಲಿ ಮೂರನೇ ಔಷಧಿ ಅವರಿಗೆ ಬರೀ ತಲೆಸುತ್ತು ಕೊಟ್ಟಿತ್ತು. ಉಳಿದ ಎರಡೇ ಒದ್ದಾಡುತ್ತಿದ್ದವು.

ಆ ಐಸಿಟಿಸಿಗೆ ಫೋನ್ ಮಾಡಿ 2017ರ ರಿಜಿಸ್ಟರ್ ತೆಗೆಸಿದೆವು. ಮೂರು ಕಿಟ್‌ಗಳಲ್ಲಿ ಒಂದರಲ್ಲಿ ಎಚ್‌ಐವಿ-1ಕ್ಕೆ ಒಂದು ಚುಕ್ಕೆ, ಎಚ್‌ಐವಿ-2ಕ್ಕೆ ಇನ್ನೊಂದು ಚುಕ್ಕೆ ಬರುತ್ತದೆ. ಅಲ್ಲಿದ್ದವರು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು: "2 ದಪ್ಪ, 1 ತೆಳು." ರಿಪೋರ್ಟ್ ಟೈಪ್ ಆಗುವಾಗ ಅದು ಬಿಟ್ಟುಹೋಗಿತ್ತು. ಒಂದು ವೈರಸ್ಸಿನ ಪ್ರತಿಕಾಯ ಇನ್ನೊಂದರ ಚುಕ್ಕೆಯನ್ನೂ ತೆಳುವಾಗಿ ಮೂಡಿಸಬಹುದು. ಹಾಗಾಗಿ ಬರೀ ಚುಕ್ಕೆ ನೋಡಿ ತೀರ್ಮಾನ ಮಾಡುವಂತಿಲ್ಲ. ರಕ್ತವನ್ನು ಬೆಂಗಳೂರಿನ ರೆಫರೆನ್ಸ್ ಲ್ಯಾಬ್‌ಗೆ ಕಳಿಸಿದೆವು.

ಕಾಯುವುದಾ, ಹೇಳುವುದಾ

ರಿಪೋರ್ಟ್ ಬರಲು ಕೆಲವು ವಾರ ಬೇಕಿತ್ತು. ಅಷ್ಟರವರೆಗೆ ಅವರಿಗೆ ಏನು ಹೇಳುವುದು? ಡಾಕ್ಟರ್ ಹೇಳಿದ್ದರಲ್ಲೂ ನ್ಯಾಯ ಇತ್ತು. ಖಚಿತ ಆಗದ ವಿಷಯ ಹೇಳಿ ಮನೆಯಲ್ಲಿ ಗಾಬರಿ ಎಬ್ಬಿಸುವುದು ಬೇಡ ಅಂದರು. ನನಗೆ ಮಾತ್ರ ಸುಮತಿಯಕ್ಕನ ಮುಖವೇ ಕಣ್ಣೆದುರು. ಹೆದರಿಕೆ ಇಲ್ಲ ಅಂತ ಹೇಳಿದ್ದು ನಾನು. ಆ ಮಾತು ನಂಬಿ ಅವರು ಕಾಂಡೋಮ್ ಬಿಟ್ಟಿದ್ದರೆ? ಖಚಿತ ಆಗುವವರೆಗೆ ಸುಮ್ನೆ ಇದ್ದರೆ ಆ ವಾರಗಳ ಅಪಾಯ ಅವರದ್ದಾಗುತ್ತದೆ, ನಮ್ಮದಲ್ಲ. ಡಾಕ್ಟರ್ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ರಾಘವಣ್ಣನ ಒಪ್ಪಿಗೆ ಕೇಳಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆವು. ಜೂನ್ ಮೊದಲ ವಾರ, ಮೀನುಗಾರಿಕೆ ರಜೆ ಶುರುವಾಗಿತ್ತು, ಹೊರಗೆ ಜೋರು ಮಳೆ. ನಾನು ಹೇಳಿದೆ: "ಅಕ್ಕ, ನವೆಂಬರ್‌ನಲ್ಲಿ ನಾನು ನಿಮಗೆ ಹೆದರಿಕೆ ಇಲ್ಲ ಅಂದಿದ್ದೆ. ಆ ಮಾತು ಹಿಂದೆ ತಗೊಳ್ತೇನೆ. ನಮ್ಮ ಪರೀಕ್ಷೆ ಒಂದು ಜಾತಿಯ ವೈರಸ್ ಮಾತ್ರ ನೋಡುವುದು. ಇವರದ್ದು ಬೇರೆ ಇರಬಹುದು ಅಂತ ಈಗ ಅನುಮಾನ. ತಪ್ಪು ನಮ್ಮದು."

ಅವರು ತುಂಬ ಹೊತ್ತು ಮಾತಾಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆಮೇಲೆ ಕೇಳಿದ್ದು ಒಂದೇ: "ನನ್ನ ರಕ್ತ ಇವತ್ತೇ ತೆಗೀತೀರಾ?" ತೆಗೆದೆವು. ನೆಗೆಟಿವ್. ವಿಂಡೋ ಪೀರಿಯಡ್ (ಸೋಂಕು ತಾಗಿದ್ದರೂ ಪರೀಕ್ಷೆಯಲ್ಲಿ ಕಾಣದ ಮೊದಲ ದಿನಗಳು) ಕಾರಣ ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಮಾಡಬೇಕಿತ್ತು.

ಅದೇ ವಾರ ನಾನು ರಾಘವಣ್ಣನ ಹಳೇ ಫಾರ್ಮ್ ಮತ್ತೆ ತೆರೆದೆ. ಈ ಸಲ ಒಂದು ಗಂಟೆ ಇಟ್ಟುಕೊಂಡೆ. ಬಾಗಿಲು ಹಾಕಿ, ಪೆನ್ನು ಬದಿಗಿಟ್ಟು ಕೂತೆ. "ಅಣ್ಣ, ಮೊದಲ ಸಲ ನಾನು ಸರಿಯಾಗಿ ಕೇಳಲಿಲ್ಲ. ಊರು ಬಿಟ್ಟು ಎಲ್ಲೆಲ್ಲಿ ಇದ್ರಿ, ಒಂದೊಂದಾಗಿ ಹೇಳ್ತೀರಾ?" ಅಂದೆ.

ಬೊಂಬಾಯಿ ಹೋಟೆಲಿನಲ್ಲಿ ಇದ್ದದ್ದು ಹತ್ತೊಂಬತ್ತನೇ ವಯಸ್ಸಿನವರೆಗೆ ಮಾತ್ರ. ಅಲ್ಲಿ ಯಾರ ಸಂಪರ್ಕವೂ ಇರಲಿಲ್ಲ. ಆಮೇಲೆ ಗೋವಾದ ಒಂದು ಜೆಟ್ಟಿಯಲ್ಲಿ ಮೂರು ಸೀಸನ್. ಅಲ್ಲಿ ಒಬ್ಬರ ಜೊತೆ ಮನೆ ಮಾಡಿ ಎರಡು ವರ್ಷ ಇದ್ದರು. ಆಕೆ ಗಂಡನನ್ನು ಕಳೆದುಕೊಂಡವರು. ಆ ಗಂಡ ಹಡಗಿನಲ್ಲಿ ಕೆಲಸದಲ್ಲಿದ್ದರಂತೆ. "ಮದುವೆ ಆಗ್ಬೇಕು ಅಂತಲೇ ಇದ್ದೆ ಮೇಡಂ. ಅಮ್ಮ ಒಪ್ಪಲಿಲ್ಲ" ಅಂದರು. ಗೋವಾ ಅನ್ನುವ ಶಬ್ದ ನಮ್ಮ ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಮೊದಲ ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವು ಬೊಂಬಾಯಿ ಅಂತ ಬರೆದಾಯ್ತಲ್ಲ. ಅವಳನ್ನು ಆ ಸಾಲಿಗೆ ಸೇರಿಸುವುದು ಬೇಡ ಅಂತ ಕಂಡಿತು" ಅಂದರು.

ಅವರು ಆ ದಿನ ತಲೆ ತಗ್ಗಿಸಿದ್ದು ಹೌದು ಅನ್ನಲು ಅಲ್ಲ ಅಂತ ನನಗೆ ಆಗ ಅರ್ಥವಾಯಿತು.

ಗೋವಾದ ಆಕೆಗೆ ತಿಳಿಸುವ ವಿಷಯದಲ್ಲಿ ನಾವು ಒತ್ತಾಯ ಮಾಡಲಿಲ್ಲ, ಆದರೆ ಬಿಟ್ಟೂ ಬಿಡಲಿಲ್ಲ. ಎಚ್‌ಐವಿ ಇರುವವರ ಗುಟ್ಟು ಕಾಪಾಡಬೇಕು ಅಂತ 2017ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ರಾಘವಣ್ಣ ತಾನೇ ಆಕೆಗೆ ಫೋನ್ ಮಾಡುತ್ತೇನೆ ಅಂದರು. ಹಳೇ ನಂಬರ್ ಚಾಲ್ತಿಯಲ್ಲಿ ಇರಲಿಲ್ಲ. ಪರಿಚಯದ ಒಬ್ಬರ ಮೂಲಕ, ಕಾರಣ ಹೇಳದೆ, ಒಮ್ಮೆ ಫೋನ್ ಮಾಡಲು ಹೇಳಿ ಅಂತ ಸುದ್ದಿ ಕಳಿಸಿದರು. ಉತ್ತರ ಬರಲಿಲ್ಲ.

ಆಮೇಲೆ ಆದದ್ದು

ಜುಲೈಯಲ್ಲಿ ರಿಪೋರ್ಟ್ ಬಂತು. ಎಚ್‌ಐವಿ-2 ಮಾತ್ರ. ರಾಜ್ಯದ ತಜ್ಞರ ಸಮಿತಿಗೆ ಕಳಿಸಿ, ಅವರ ಸಲಹೆಯ ಮೇಲೆ ಎಫಾವಿರೆಂಝ್ ತೆಗೆದು ಲೋಪಿನಾವಿರ್-ರಿಟೋನಾವಿರ್ ಕೊಟ್ಟೆವು. ಬೆಳಿಗ್ಗೆ ಎರಡು, ರಾತ್ರಿ ಎರಡು, ಅದರ ಜೊತೆ ಟೆನೊಫೊವಿರ್-ಲ್ಯಾಮಿವುಡಿನ್ ಒಂದು. ದಿನಕ್ಕೆ ಐದು ಮಾತ್ರೆ. ತಲೆ ತಿರುಗುವುದು ನಿಂತಿತು, ಭೇದಿ ಶುರುವಾಯಿತು. ಬೋಟಿನಲ್ಲಿ ಭೇದಿ ಅಂದರೆ ಏನು ಅಂತ ಬೋಟಿನವರಿಗೇ ಗೊತ್ತು. ಆ ಸೀಸನ್ ಮೊದಲ ಎರಡು ತಿಂಗಳು ಅವರು ಸಮುದ್ರಕ್ಕೆ ಹೋಗಲೇ ಇಲ್ಲ, ದಕ್ಕೆಯಲ್ಲೇ ಬಲೆ ರಿಪೇರಿ ಮಾಡಿದರು. ಆದರೆ ಮಾತ್ರೆ ಬಿಡಲಿಲ್ಲ.

2020ರ ಜನವರಿಗೆ ಸಿಡಿ4 231. ಲಾಕ್‌ಡೌನ್‌ನಲ್ಲಿ ಒಟ್ಟಿಗೆ ಮೂರು ತಿಂಗಳ ಮಾತ್ರೆ ಕೊಟ್ಟೆವು. 2021ರಲ್ಲಿ ಡೊಲುಟೆಗ್ರಾವಿರ್ ಇರುವ ಒಂದೇ ಮಾತ್ರೆಗೆ ಬದಲಿಸಿದೆವು. ಅದು ಎಚ್‌ಐವಿ-2 ಮೇಲೂ ಕೆಲಸ ಮಾಡುತ್ತದೆ. ಈಗ ಹೆಚ್ಚಿನ ಎಲ್ಲರಿಗೂ ಇದೇ ಮಾತ್ರೆ ಕೊಡುವುದರಿಂದ ರಾಘವಣ್ಣನಿಗೆ ಆದ ಹಾಗೆ ಔಷಧಿ ತಪ್ಪುವ ಸಂಭವ ಕಡಿಮೆ. ಹಾಗಂತ ಯಾವ ವೈರಸ್ ಅನ್ನುವುದನ್ನು ಬರೆಯದೆ ಬಿಡಬಹುದು ಅಂತ ಅಲ್ಲ. ಎಚ್‌ಐವಿ-1ರ ವೈರಲ್ ಲೋಡ್ ರಿಪೋರ್ಟ್ ಹಿಡಿದು ಇವರಂಥವರಿಗೆ ಇವತ್ತೂ ಹರಡುವುದಿಲ್ಲ ಅಂತ ಹೇಳುವ ಹಾಗಿಲ್ಲ. ರಾಘವಣ್ಣನನ್ನು ನಾವು ಸಿಡಿ4 ಮತ್ತು ಮೈಯ ಸ್ಥಿತಿ ನೋಡಿಯೇ ಗಮನಿಸುತ್ತೇವೆ. ಕಾಂಡೋಮ್ ಮುಂದುವರಿಸಿ ಅಂತ ಹೇಳಿದ್ದೇವೆ.

ನಮ್ಮ ಕೇಂದ್ರದಲ್ಲಿ ಎರಡು ಬದಲಾವಣೆ ಮಾಡಿಕೊಂಡೆವು. ಹೊಸಬರು ಬಂದ ದಿನ ಐಸಿಟಿಸಿ ಚೀಟಿಯಲ್ಲಿ 1 ಅಥವಾ 2 ಅಂತ ಇಲ್ಲದಿದ್ದರೆ ಲ್ಯಾಬ್‌ನವರು ಅಲ್ಲಿಗೆ ಫೋನ್ ಮಾಡಿ ಕೇಳುತ್ತಾರೆ. ಇನ್ನೊಂದು ನನ್ನದು. ಸೋಂಕು ಹೇಗೆ ಬಂತು ಅನ್ನುವ ಕಾಲಂ ಅನ್ನು ಮೊದಲ ಭೇಟಿಯಲ್ಲಿ ಖಾಲಿ ಬಿಡುತ್ತೇನೆ. ಎಲ್ಲೆಲ್ಲಿ ಇದ್ದರು, ಎಷ್ಟು ವರ್ಷ, ಯಾರ ಜೊತೆ ಅನ್ನುವುದನ್ನು ಮಾತ್ರ ಅವರು ಹೇಳಿದ ಶಬ್ದದಲ್ಲೇ ಬರೆದುಕೊಳ್ಳುತ್ತೇನೆ. ಉಳಿದದ್ದು ಎರಡನೇ, ಮೂರನೇ ಭೇಟಿಗೆ. ಕೆಲಸ ಜಾಸ್ತಿ ಆಗುತ್ತದೆ, ನಿಜ. ತಿಂಗಳ ವರದಿ ಕಳಿಸುವಾಗ ಕಾಲಂ ಯಾಕೆ ಖಾಲಿ ಅಂತ ಮೇಲಿನಿಂದ ಕೇಳುತ್ತಾರೆ. ಇನ್ನೂ ಮಾತು ಮುಗಿದಿಲ್ಲ ಅಂತ ಹೇಳುತ್ತೇನೆ.

ಸುಮತಿಯಕ್ಕನ ಮೂರು ತಿಂಗಳ ಪರೀಕ್ಷೆ ನೆಗೆಟಿವ್. ಆರು ತಿಂಗಳದ್ದೂ ನೆಗೆಟಿವ್. ಆ ಎರಡನೇ ರಿಪೋರ್ಟ್ ಕೊಡುವಾಗ ನಾನು ಹೇಳುವ ಮುಂಚೆ ಅವರೇ ಕೇಳಿದರು: "ಇದು ಎರಡೂ ಜಾತಿ ನೋಡುವ ಟೆಸ್ಟಾ ಮೇಡಂ?" ಹೌದು ಅಂದೆ. ಕಿಟ್ಟಿನ ಎರಡು ಖಾಲಿ ಜಾಗ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು.

2022ರಲ್ಲಿ ರಾಘವಣ್ಣನ ಸಿಡಿ4 402. ಆಗಸ್ಟ್‌ನಲ್ಲಿ ರಜೆ ಮುಗಿದು ಬೋಟ್ ಹೊರಡುವ ಮುಂಚೆ ಮಾತ್ರೆ ತಗೊಂಡು ಹೋಗಲು ಬಂದಿದ್ದರು. ಈ ಸಲ ಡಬ್ಬಿಯ ಮುಚ್ಚಳದ ಮೇಲೆ ತಿಂಗಳ ಹೆಸರು ಬರೆಯಲು ನನ್ನ ಮೇಜಿನಿಂದಲೇ ಪೆನ್ನು ಕೇಳಿ ತಗೊಂಡರು.